ಕುಷನಕ್ಕನ ಗಾಡಿಖಾನೆ

ಮದುವೆಗೆ ಒಪ್ಪುವ ಮುಂಚೆ ಕುಷನಕ್ಕ ಹಾಕಿದ ಷರತ್ತು ಒಂದೇ ಒಂದು. ಮನೆ ಮಹಡಿಯ ಮೇಲಿರಬೇಕು, ಅದರ ಕೆಳಗೆ ಯಾವ ಪ್ರಾಣಿಯೂ ಇರಬಾರದು.

ಹುಡುಗ ಬಸ್ ಡ್ರೈವರ್. ಸ್ಟೀರಿಂಗ್ ಹಿಡಿದವನ ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. "ನಮ್ದು ಮೂರನೇ ಮಹಡಿ. ಕೆಳಗೆ ಮನೆ ಮಾಲೀಕರಿದ್ದಾರೆ. ನಡೆಯುತ್ತಾ?" ಎಂದ.

"ಒದೀತಾರಾ?"

"ಇಲ್ಲ. ನಲ್ಲಿ ಜಾಸ್ತಿ ಬಿಟ್ರೆ ಬುಸುಗುಡ್ತಾರೆ, ಅಷ್ಟೇ."

"ಪರವಾಗಿಲ್ಲ" ಎಂದಳು ಅವಳು. ಮದುವೆ ನಿಶ್ಚಯವಾಯಿತು.

ಷರತ್ತಿಗೆ ಕಾರಣವಿತ್ತು. ಅವಳು ಹುಟ್ಟಿ ಬೆಳೆದದ್ದು ಕುದುರೆ ಲಾಯದ ಮೇಲೆ.

ಊರ ನಡುವೆ ಒಂದು ದೊಡ್ಡಮನೆ, ಅದರ ಬೆನ್ನಿಗೆ ಕಲ್ಲು ಹಾಸಿದ ಒಂದು ಓಣಿ. ಓಣಿಯ ಒಂದು ಪಕ್ಕದಲ್ಲಿ ಸಾಲಾಗಿ ಐದು ಲಾಯ, ಸಾಲಿನ ಕೊನೆಗೆ ಸಾರೋಟು ನಿಲ್ಲಿಸುವ ಗಾಡಿಖಾನೆ. ಸಾರೋಟು ಸರಾಗವಾಗಿ ಒಳಗೆ ಹೋಗಬೇಕಲ್ಲ, ಅದಕ್ಕೆ ಗಾಡಿಖಾನೆಗೆ ಆನೆ ಗಾತ್ರದ ಬಾಗಿಲು. ದಿನಬಳಕೆಗೆ ಆ ಬಾಗಿಲಿನಲ್ಲೇ ಕೊರೆದ ಒಂದು ದಿಡ್ಡಿ ಬಾಗಿಲು. ಮೇಲೆ ಉದ್ದಕ್ಕೂ ಹುಲ್ಲು ತುಂಬುವ ಅಟ್ಟ. ಗಾಡಿಖಾನೆಯ ಮೇಲೆ ಬರುವಷ್ಟು ಭಾಗದಲ್ಲಿ ಮಾತ್ರ ಎರಡು ಕೋಣೆ ಕಟ್ಟಿ ಸಾರೋಟು ಹೊಡೆಯುವವನ ಸಂಸಾರಕ್ಕೆ ಬಿಟ್ಟಿದ್ದರು. ಆ ಸಾರೋಟು ಹೊಡೆಯುವವನೇ ಅವಳ ಅಪ್ಪ. ಊರಿನವರಿಗೆ ಲಾಯ, ಗಾಡಿಖಾನೆ ಎಂಬ ಭೇದವಿರಲಿಲ್ಲ. ಇಡೀ ಕಟ್ಟಡವೇ 'ಲಾಯ'.

ಊರಲ್ಲಿ ಆಗಲೇ ಎಲ್ಲರೂ ಮೋಟಾರು ಹತ್ತಿಯಾಗಿತ್ತು. ದೊಡ್ಡಮನೆಯ ಯಜಮಾನಿಯೊಬ್ಬರು ಮಾತ್ರ ಹತ್ತಲೊಲ್ಲರು. "ಡ್ರೈವರ್ ತೂಕಡಿಸಿದ್ರೆ ಮೋಟಾರು ಹಳ್ಳಕ್ಕೆ ಹೋಗುತ್ತೆ, ಕುದುರೆ ಮನೆಗೆ ಬರುತ್ತೆ" ಎಂಬುದು ಅವರ ವಾದ. ಹಾಗಾಗಿ ಐದು ಲಾಯದಲ್ಲಿ ಮೂರು ಖಾಲಿಯಾದರೂ ಎರಡರಲ್ಲಿ ಕುದುರೆ ಉಳಿದವು. ಒಂದರ ಹೆಸರು ಅವಸರ, ಇನ್ನೊಂದರದ್ದು ನಿಧಾನ. ಹೆಸರಿಡುವಾಗ ಯಾರೋ ಅದಲುಬದಲು ಮಾಡಿಬಿಟ್ಟಿದ್ದರು. ಅವಸರವನ್ನು ಲಾಯದಿಂದ ಹೊರಡಿಸಲು ಅಪ್ಪ ಬೆಳಗಿನಿಂದ ಓಲೈಸಬೇಕಿತ್ತು. ನಿಧಾನವೋ, ಲಗಾಮು ಗೋಡೆಯ ಮೊಳೆಯಿಂದ ಕೆಳಗಿಳಿಯುವಷ್ಟರಲ್ಲಿ ಓಣಿಯ ತುದಿಯಲ್ಲಿರುತ್ತಿತ್ತು.

ಕೇಳಲು ಚೆನ್ನಾಗಿದೆ. ಬದುಕಲು ಬೇರೆಯೇ. ಹುಲ್ಲಿನ ಧೂಳು ನೀರಿನ ಲೋಟದಲ್ಲಿ ತೇಲುತ್ತಿತ್ತು. ಅಮ್ಮ ಒಗೆದು ಹರವಿದ ಸಮವಸ್ತ್ರ ಒಣಗುವ ಹೊತ್ತಿಗೆ ಮತ್ತೆ ಲಾಯದ ವಾಸನೆ ಹೊತ್ತಿರುತ್ತಿತ್ತು. ಶಾಲೆಯಲ್ಲಿ ಅವಳ ಬೆಂಚಿನ ಪಕ್ಕ ಕೂರುವವರು ಮೂಗು ಹಿಡಿದು ಕೂತರು, ಕೂತವರು ಹಿಂದಿನ ಬೆಂಚಿಗೆ ಸರಿದರು. ಮೊದಲ ದಿನ ಮೇಷ್ಟ್ರು ದಾಖಲಾತಿ ಪುಸ್ತಕ ತೆರೆದು, "ನಿನ್ನ ಮನೆ ಎಲ್ಲಿದೆಯಮ್ಮ?" ಎಂದು ಕೇಳಿದಾಗ ಹಿಂದಿನಿಂದ ಯಾರೋ, "ಲಾಯದಲ್ಲಿ ಸಾರ್!" ಎಂದು ಕೂಗಿ ತರಗತಿಯೆಲ್ಲ ಗೊಳ್ಳೆಂದಿತು.

ಐದು ವರ್ಷದ ಹುಡುಗಿ ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿದ್ದರೂ ಗಂಟಲು ಗಟ್ಟಿಯಿತ್ತು. "ಲಾಯದಲ್ಲಲ್ಲ ಸಾರ್. ಲಾಯದ ಮೇಲೆ."

ಮೇಷ್ಟ್ರು ನಗಲಿಲ್ಲ. "ಮೇಲೆ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದುಕೊಂಡರು.

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳಿಗೊಂದು ಕೆಲಸವಿತ್ತು. ಅಪ್ಪ ಲಾಯ ತೊಳೆದ ನೀರನ್ನು ಮೋರಿಗೆ ಗುಡಿಸುವುದು. ಐದೂ ಲಾಯಗಳ ನೆಲ ನಡುವಿಗೆ ಇಳಿಜಾರು, ನಡುವೆ ಇಟ್ಟಿಗೆಯ ಮೋರಿ. ಐದರ ನೀರೂ, ಚಾವಣಿಯಿಂದ ಸುರಿದ ಮಳೆಯೂ, ಓಣಿಯ ಕಲ್ಲುಹಾಸಿನ ಮೇಲೆ ಹರಿದದ್ದೂ ಎಲ್ಲ ಸೇರಿ ಮೂರನೇ ಲಾಯದ ನೆಲದಡಿ ಒಂದು ತಿರುವು ತೆಗೆದುಕೊಂಡು ಹೊರಗಿನ ಚರಂಡಿಗೆ ಬೀಳುತ್ತಿತ್ತು. ಆ ತಿರುವಿನಲ್ಲಿ ಹುಲ್ಲು ಸಿಕ್ಕಿಕೊಳ್ಳುವುದು ಮಾಮೂಲು. ತೋಳುದ್ದ ಕೈ ಬಿಟ್ಟು ಎಳೆಯುವುದು ಅವಳ ಪಾಲಿಗೆ ಬಂದಿತ್ತು, ಯಾಕೆಂದರೆ ಆ ಸಂದಿಗೆ ಹೋಗುವಷ್ಟು ಸಣ್ಣ ತೋಳು ಮನೆಯಲ್ಲಿ ಇನ್ನಾರದ್ದೂ ಇರಲಿಲ್ಲ.

ಇಷ್ಟೆಲ್ಲದರ ನಡುವೆ ಅವಳಿಗೆ ಹಿಡಿಸಿದ್ದು ಒಂದೇ, ಹೊಲಿಗೆ. ಕುದುರೆಯ ಜೀನು, ಪಟ್ಟಿ, ಸಾರೋಟಿನ ಗಾದಿ ಎಲ್ಲವನ್ನೂ ಅಪ್ಪನೇ ಹೊಲಿಯುತ್ತಿದ್ದ. ಒಂದೇ ದಾರ, ಅದರ ಎರಡು ತುದಿಗೆ ಎರಡು ದಬ್ಬಳ. ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ಹಾಯಬೇಕು. "ಈ ಹೊಲಿಗೇಲಿ ಒಂದು ಕಿತ್ತೋದ್ರೆ ಪಕ್ಕದ್ದು ಹಿಡ್ಕೊಳುತ್ತೆ. ಮಿಷನ್ ಹೊಲಿಗೆ ಹಾಗಲ್ಲ, ಒಂದು ಬಿಟ್ರೆ ಎಲ್ಲಾ ಬಿಟ್ಟು ಓಡೋಗುತ್ತೆ" ಎಂದು ಅಪ್ಪ ದಾರಕ್ಕೆ ಮೇಣ ತಿಕ್ಕುತ್ತಾ ಹೇಳುವನು. ಹತ್ತು ವರ್ಷಕ್ಕೆ ಅವಳ ಹೊಲಿಗೆ ಅಪ್ಪನದಕ್ಕಿಂತ ನೇರವಾಯಿತು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಕ ಹುಡುಕುವ ನೆವದಲ್ಲಿ ದಬ್ಬಳಗಳನ್ನು ಅವಳ ಕೈಗೆ ಕೊಟ್ಟು ಎದ್ದು ಹೋಗತೊಡಗಿದ.

ಯಜಮಾನಿ ತೀರಿಕೊಂಡ ಮರುತಿಂಗಳು ಅವಸರ ಮತ್ತು ನಿಧಾನ ಬೇರೆ ಊರಿನ ಕುದುರೆ ಸಾಕುವವರ ಬಳಿಗೆ ಹೋದವು. ಅವಸರ ಹೊರಡುವುದಕ್ಕೆ ಎಂದಿನಂತೆ ಅರ್ಧ ದಿನ ತೆಗೆದುಕೊಂಡಿತು. ಅಪ್ಪ ಖಾಲಿ ಲಾಯಗಳ ಕಾವಲುಗಾರನಾಗಿ ಉಳಿದ. ಅವಳು ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವ ಕೆಲಸಕ್ಕೆ ಸೇರಿದಳು.

ಅಲ್ಲಿಗೆ ಒಂದು ದಿನ ಡ್ರೈವರೊಬ್ಬ ಬಂದು, ತನ್ನ ಸೀಟು ಒಂದು ಕಡೆ ಕುಸಿದಿದೆ ಎಂದು ದೂರಿದ. ಅವಳು ಹೋಗಿ ಸೀಟು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಸೀಟು ಸರಿ ಇದೆ. ನೀವೇ ಎಡಕ್ಕೆ ವಾಲ್ತೀರಿ."

"ಹಾಗಾದ್ರೆ ಏನು ಮಾಡೋದು?"

"ನಿಮ್ಮನ್ನ ಬಿಚ್ಚಿ ಹೊಲಿಯೋಕಾಗಲ್ಲ. ಸೀಟಿಗೇ ಎಡಗಡೆ ಒಂದು ಹಿಡಿ ನಾರು ತುಂಬ್ತೀನಿ."

ತುಂಬಿಕೊಟ್ಟಳು. ಮುಂದಿನ ವಾರ ಅವನು ಇನ್ನೊಂದು ದೂರು ತಂದ, ಅದರ ಮುಂದಿನ ವಾರ ಮತ್ತೊಂದು. ಮೂರನೇ ವಾರ ಸೀಟು ಹರಿದದ್ದು ಬ್ಲೇಡಿನಿಂದ ಎಂಬುದು ಅವಳಿಗೆ ನೋಡಿದೊಡನೆ ತಿಳಿಯಿತು. ಏನೂ ಹೇಳದೆ ಹೊಲಿದುಕೊಟ್ಟಳು. ಮೊದಲು ಹೇಳಿದ ಷರತ್ತಿನ ಮಾತು ನಡೆದದ್ದು ಅದಾದ ಒಂದು ತಿಂಗಳಿಗೆ.

ಮೂರನೇ ಮಹಡಿಯ ಮನೆ, ಅರವತ್ತೆರಡು ಮೆಟ್ಟಿಲು. ಬಾಲ್ಕನಿಯಲ್ಲಿ ನಿಂತರೆ ಗಾಳಿ, ಬಟ್ಟೆಗೆ ಬರೀ ಸಾಬೂನಿನ ಪರಿಮಳ. ಅವಳಿಗೆ ಸ್ವರ್ಗ ಮೂರೇ ಗೇಣು. ಅಪ್ಪ, ಅಮ್ಮ ಇರುವಷ್ಟು ದಿನ ವಾರಕ್ಕೊಮ್ಮೆ ಓಣಿಗೆ ಹೋಗಿಬರುತ್ತಿದ್ದಳು. ಇಬ್ಬರೂ ಹೋದ ಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ ಎನ್ನಬೇಕು. ಡಿಪೋ ಕೆಲಸ ಬಿಟ್ಟು ಮುಖ್ಯ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದು ಸೋಫಾ, ಕುರ್ಚಿ, ಕಾರಿನ ಸೀಟು ಹೊಲಿಯತೊಡಗಿದಳು. ಕುಷನಕ್ಕ ಎಂಬ ಹೆಸರು ಬಿದ್ದದ್ದು ಆಗ. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗೊಬ್ಬರಿಗೇ ಗೊತ್ತು.

ಮಳಿಗೆಗೆ ಒಂದೇ ಕೊರತೆ, ಬಾಗಿಲು ಕಿರಿದು. ಮೂರು ಜನ ಕೂರುವ ಸೋಫಾ ಬಂದರೆ ರಸ್ತೆಯಲ್ಲೇ ಇಟ್ಟು ಕೆಲಸ ಮಾಡಬೇಕು. ದಾರಿಹೋಕರು ಅರ್ಧ ಹೊಲಿದ ಸೋಫಾದ ಮೇಲೆ ಕೂತು ಫೋನು ನೋಡುತ್ತಿದ್ದರು. ಒಮ್ಮೆ ಒಬ್ಬರು ಹಾಯಾಗಿ ನಿದ್ದೆಯೇ ಹೋದರು. ಅವರು ಏಳುವವರೆಗೆ ಕುಷನಕ್ಕ ಪಕ್ಕದ ತೋಳು ಹೊಲಿದಳು.

ಹೀಗೆ ಮೂವತ್ತು ವರ್ಷ ಕಳೆಯಿತು.

ಒಂದು ದಿನ ಮಳಿಗೆಗೆ ಕಂಟ್ರಾಕ್ಟರ್ ಒಬ್ಬರು ಬಂದರು, ಜೊತೆಗೆ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡ ಆರ್ಕಿಟೆಕ್ಟ್ ಹುಡುಗಿ. ದೊಡ್ಡಮನೆಯ ವಾರಸುದಾರರು ಹಿಂದಿನ ಕಟ್ಟಡ ಮಾರಿದ್ದಾರಂತೆ. ಲಾಯಗಳನ್ನೆಲ್ಲ ಮನೆಗಳಾಗಿ ಮಾಡುತ್ತಿದ್ದಾರಂತೆ. ಗೋಡೆ, ತೊಲೆ, ಬಾಗಿಲು ಎಲ್ಲ ಹಳೆಯದೇ, ಒಳಗೆ ಮಾತ್ರ ಹೊಸ ಸಂಸಾರ. ಬಂದವರಿಗೆ ತೋರಿಸಲು ಮೂರನೇ ಲಾಯವನ್ನು ಮೊದಲು ಮುಗಿಸಿದ್ದಾರೆ. ಅದರ ಕಿಟಕಿಗಳ ಕೆಳಗಿನ ಕಟ್ಟೆಗೆ ಕುಷನ್ ಬೇಕು.

"ಲಾಯದಲ್ಲಿ ಮನುಷ್ಯರಾ?" ಎಂದು ಕುಷನಕ್ಕನ ಬಾಯಿಂದ ಬಂದೇಬಿಟ್ಟಿತು.

"ಈಗ ಅದೇ ಫ್ಯಾಷನ್ ಅಕ್ಕ," ಕಂಟ್ರಾಕ್ಟರ್ ನಕ್ಕರು. "ಜನ ಸಾಲುಗಟ್ಟಿ ನಿಂತಿದ್ದಾರೆ."

ಅಳತೆ ತೆಗೆಯಲು ಹೋದಳು. ಹೋಗುವಾಗ ಕಾಲು ಭಾರ, ಕುದುರೆ ಕಂಡರೆ ಕಾಲುನೋವು ಎನ್ನುತ್ತಾರಲ್ಲ, ಇವಳಿಗೆ ಲಾಯ ಕಂಡು ಬಂದಿತ್ತು. ಆದರೆ ಒಳಗೆ ಹೆಜ್ಜೆಯಿಟ್ಟರೆ ಗುರುತೇ ಸಿಗಲಿಲ್ಲ. ಬಿಳಿ ಗೋಡೆ, ಚಾವಣಿಯ ತನಕ ಬೆಳಕು, ಕಾಲಡಿ ಥಳಥಳಿಸುವ ಟೈಲ್ಸ್. ನಿಧಾನ ಮೇವು ತಿನ್ನುತ್ತಿದ್ದ ಕಲ್ಲಿನ ಗೋದಲಿಗೆ ನಲ್ಲಿ ಕೂರಿಸಿ ಕೈತೊಳೆಯುವ ಬೇಸಿನ್ ಮಾಡಿದ್ದರು. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಉಂಗುರಗಳನ್ನು ಉಜ್ಜಿ ಬೆಳಗಿಸಿ ಟವೆಲ್ ತೂಗುಹಾಕಿದ್ದರು.

"ಈ ಉಂಗುರ ಎಲ್ಲ ಒರಿಜಿನಲ್ ಮೇಡಂ, ನೂರು ವರ್ಷ ಹಳೇದು" ಎಂದಳು ಆರ್ಕಿಟೆಕ್ಟ್ ಹೆಮ್ಮೆಯಿಂದ.

"ಗೊತ್ತಮ್ಮ. ಈ ಕಡೇದಕ್ಕೆ ನನ್ನ ಹಣೆ ತಾಗಿ ಮೂರು ಹೊಲಿಗೆ ಬಿದ್ದಿದೆ" ಎಂದು ಕುಷನಕ್ಕ ಕೂದಲು ಸರಿಸಿ ಗಾಯದ ಕಲೆ ತೋರಿಸಿದಳು. ಆಮೇಲೆ ನೆಲ ನೋಡಿದಳು. "ಇಳಿಜಾರು ಎಲ್ಲೋಯ್ತು? ಮೋರಿ ಎಲ್ಲಿ?"

"ಮೋರಿ ಮುಚ್ಚಿ ನೆಲ ಸಮ ಮಾಡಿದೀವಿ" ಎಂದರು ಕಂಟ್ರಾಕ್ಟರ್. "ಇಲ್ದಿದ್ರೆ ಊಟದ ಮೇಜು ಅಡುಗೆಮನೆಗೆ ಜಾರ್ಕೊಂಡು ಹೋಗುತ್ತೆ."

"ಅಯ್ಯೋ, ಇಡೀ ಓಣಿ ನೀರು ಇದರೊಳಗಿಂದಲೇ ಹೋಗೋದು. ಈ ಲಾಯದಡಿಯೇ ತಿರುವು ಇರೋದು."

"ಹೊರಗೆ ಹೊಸ ಪೈಪು ಹಾಕಿದೀವಿ ಅಕ್ಕ. ಅದೆಲ್ಲ ನಮಗೆ ಬಿಡಿ, ನೀವು ಕುಷನ್ ನೋಡ್ಕೊಳ್ಳಿ."

ಕುಷನಕ್ಕ ಕುಷನ್ ನೋಡಿಕೊಂಡಳು. ಎರಡು ದಬ್ಬಳದ ಹೊಲಿಗೆ ಹಾಕಿ, ಅಂಚಿಗೆ ಗಟ್ಟಿ ನೂಲಿನ ಪಟ್ಟಿ ಕೊಟ್ಟು ಹೊಲಿದು ಕಳಿಸಿ ಸುಮ್ಮನಾದಳು.

ಜನರಿಗೆ ಮನೆ ತೋರಿಸಲು ಗೊತ್ತು ಮಾಡಿದ ದಿನ ಬೆಳಿಗ್ಗೆಯಿಂದಲೇ ಮಳೆ ಹಿಡಿಯಿತು. ಹನ್ನೊಂದು ಗಂಟೆಗೆ ಮಳಿಗೆಯ ಫೋನು ಬಡಿದುಕೊಂಡಿತು. ಆ ಕಡೆ ಆರ್ಕಿಟೆಕ್ಟ್ ಹುಡುಗಿ, ಅಳುವಂತಿದ್ದಳು. "ಮೇಡಂ, ಟೈಲ್ಸ್ ಸಂದಿಯಿಂದ ನೀರು ಉಕ್ಕಿ ಬರ್ತಿದೆ. ನೀವೇ ಬರ್ಬೇಕು."

ಕುಷನಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹೊರಟಳು. ಮೂರನೇ ಲಾಯದಲ್ಲಿ ಕಂಡ ನೋಟವನ್ನು ಅವಳು ಇವತ್ತಿಗೂ ಅಭಿನಯಿಸಿ ತೋರಿಸುತ್ತಾಳೆ. ನೆಲದ ಮೇಲೆ ಪಾದ ಮುಳುಗುವಷ್ಟು ನೀರು. ಮನೆ ನೋಡಲು ಬಂದ ಹತ್ತು ಹನ್ನೆರಡು ಮಂದಿ ಕಿಟಕಿಕಟ್ಟೆಯ ಕುಷನ್ ಮೇಲೆ ಸಾಲಾಗಿ, ಮಂಡಿ ಎದೆಗಾನಿಸಿಕೊಂಡು, ತಂತಿಯ ಮೇಲಿನ ಕಾಗೆಗಳ ಹಾಗೆ ಕೂತಿದ್ದಾರೆ. ಚಪ್ಪಲಿ ಒಂದೊಂದೇ ಬಾಗಿಲ ಕಡೆಗೆ ತೇಲುತ್ತಿವೆ. ಕಂಟ್ರಾಕ್ಟರ್ ನಡುನೀರಲ್ಲಿ ನಿಂತು ಯಾರಿಗೋ ಫೋನಿನಲ್ಲಿ, "ಏನೂ ತೊಂದ್ರೆ ಇಲ್ಲ, ಸಣ್ಣ ತೇವ ಅಷ್ಟೇ" ಎನ್ನುತ್ತಿದ್ದಾರೆ.

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ," ಎಂದಳು ಕುಷನಕ್ಕ ಹೊಸ್ತಿಲಲ್ಲಿ ನಿಂತು. "ಇಲ್ಲಿ ತೂತು ಮುಚ್ಚಿದ್ದೇ ಮನೆ ಕೆಡಿಸಿತು."

ಕಂಟ್ರಾಕ್ಟರ್ ಫೋನು ಇಳಿಸಿದರು. "ಅಕ್ಕ, ತಪ್ಪಾಯ್ತು. ಎಲ್ಲಿ ಒಡೀಲಿ ಹೇಳಿ."

ಅವಳು ನೀರಿಗಿಳಿದಳು. ಮೂರನೇ ಉಂಗುರದ ಕೆಳಗೆ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತಳು. ಚಿಕ್ಕಂದಿನಲ್ಲಿ ಅಲ್ಲಿಂದ ಮೋರಿಯ ತಿರುವಿಗೆ ಏಳು ಹೆಜ್ಜೆ ಇತ್ತು. ಈಗ ಕಾಲು ಉದ್ದವಾಗಿದೆ. ಕಣ್ಣು ಮುಚ್ಚಿ, ಕೈಯಲ್ಲಿ ಪೊರಕೆಯಿದೆಯೆಂದು ಭಾವಿಸಿಕೊಂಡು ನಡೆದಳು. ನಾಲ್ಕು ಹೆಜ್ಜೆ, ಆಮೇಲೆ ಅರ್ಧ. "ಇಲ್ಲಿ."

"ಖಂಡಿತಾನಾ? ಈ ಟೈಲ್ಸ್ ಹೊರದೇಶದಿಂದ ತರಿಸಿದ್ದು..."

"ಒಡೀರಿ ಅಂದ್ರೆ ಒಡೀರಿ."

ಕೆಲಸದವನು ಸುತ್ತಿಗೆ ಬೀಸಿದ. ಎರಡು ಟೈಲ್ಸ್, ಒಂದು ಗೇಣು ಕಾಂಕ್ರೀಟು, ಅದರಡಿ ಇಟ್ಟಿಗೆಯ ಕಮಾನು. ಸಂದಿ ತೆರೆದುಕೊಂಡಿತು, ಆದರೆ ನೀರು ಇಳಿಯಲಿಲ್ಲ. ಮುಚ್ಚುವಾಗ ಬಿದ್ದ ಗಾರೆ, ಕಲ್ಲು ತಿರುವಿನಲ್ಲಿ ಕೂತಿತ್ತು. ಕುಷನಕ್ಕ ಮಂಡಿಯೂರಿದಳು. ಐವತ್ತೈದರ ತೋಳು ಸಂದಿಗೆ ಹೋಗುವುದೇ ಎಂದು ಅವಳಿಗೇ ಅನುಮಾನ. ಆದರೆ ವಯಸ್ಸಿನೊಡನೆ ಬಂದ ದಪ್ಪವೆಲ್ಲ ಮೊಣಕೈಯಿಂದ ಮೇಲಕ್ಕೆ, ಕೆಳಗಿನ ಕೈ ಹಾಗೇ ಇತ್ತು. ಬೆರಳಿಗೆ ಒಂದು ಕಲ್ಲು ಸಿಕ್ಕಿತು, ಅಲುಗಿಸಿದಳು, ಎಳೆದಳು. ಒಳಗೆ ಯಾರೋ ಲೋಟದ ತಳ ಹೀರಿದಂಥ ಸದ್ದಾಯಿತು. ನೀರು ಸುಳಿ ಸುತ್ತಿ ಇಳಿಯತೊಡಗಿತು. ಕಿಟಕಿಕಟ್ಟೆಯ ಸಾಲು ಚಪ್ಪಾಳೆ ತಟ್ಟಿತು.

ಕುಷನಕ್ಕ ಕೆಸರಿನ ಕೈ ಹಿಡಿದು ಹಾಗೇ ಕೂತಿದ್ದಳು. ಬಾಲ್ಯವಿಡೀ ಅವಮಾನವೆಂದುಕೊಂಡಿದ್ದ ಕೆಲಸಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ, "ಯಾರಾದ್ರೂ ಸೋಪು ಕೊಡ್ರಪ್ಪ" ಎಂದಳು.

ಕೈತೊಳೆದು ಹೊರಡುವಾಗ ಸಾಲಿನ ಕೊನೆಯ ದೊಡ್ಡ ಬಾಗಿಲ ಮುಂದೆ ಅವಳ ಕಾಲು ನಿಂತಿತು. "ಇದು ಯಾರು ತಗೊಂಡ್ರು?"

"ಗಾಡಿಖಾನೇನಾ? ಯಾರೂ ಕೇಳ್ತಿಲ್ಲ ಮೇಡಂ" ಎಂದಳು ಆರ್ಕಿಟೆಕ್ಟ್. "ಬಾಗಿಲು ತೀರಾ ದೊಡ್ಡದಾಯ್ತು ಅಂತಾರೆ. ಮೇಲಿನ ಕೋಣೆ ತೀರಾ ಗಿಡ್ಡ ಅಂತಾರೆ."

ಕುಷನಕ್ಕ ಬಾಗಿಲ ಅಗಲಕ್ಕೆ ತೋಳು ಚಾಚಿ ನೋಡಿದಳು. ಸಾಲಲಿಲ್ಲ. ಎರಡು ತೋಳು ಚಾಚಿ, ಎರಡು ಹೆಜ್ಜೆ ಸರಿದು ಮತ್ತೆ ಚಾಚಿದಳು. ಮೂರು ಜನರ ಸೋಫಾ ಅಡ್ಡಡ್ಡ ಹಿಡಿದು ನಡೆದುಬರಬಹುದು. ಪಕ್ಕದಲ್ಲಿ ಇನ್ನೊಂದು ಸೋಫಾ ಎದುರಿಗೆ ಬಂದರೂ ದಾರಿ ಬಿಡಬಹುದು.

ಮನೆಗೆ ಬಂದು ಗಂಡನಿಗೆ ಹೇಳುವಾಗ ಮಾತನ್ನು ಬಹಳ ಜೋಪಾನವಾಗಿ ಹೊಲಿದಳು. "ಬರೀ ಅಂಗಡಿಗೆ ರೀ. ಕೆಳಗಡೆ ಮಾತ್ರ."

ಡ್ರೈವರ್ ಆ ವರ್ಷ ನಿವೃತ್ತನಾಗುವವನಿದ್ದ. ಟೀ ಲೋಟವನ್ನು ಗೇರಿನಂತೆ ಅತ್ತಿತ್ತ ಸರಿಸಿದ. "ಮೇಲೆ ಎರಡು ಕೋಣೆ ಇದೆ ಅಂದ್ಯಲ್ಲ. ಅದನ್ನ ಏನು ಮಾಡ್ತೀಯ? ಹುಲ್ಲು ತುಂಬ್ತೀಯಾ?"

"ನಾನು ಅಲ್ಲಿರಲ್ಲ ಅಂತ ಮೊದಲೇ ಹೇಳಿದೀನಿ."

"ನೀನು ಹೇಳಿದ್ದು ಕೆಳಗೆ ಪ್ರಾಣಿ ಇರಬಾರ್ದು ಅಂತ. ಸೋಫಾ ಪ್ರಾಣಿ ಅಲ್ವಲ್ಲ."

ಅಷ್ಟರಲ್ಲಿ ಬಾಲ್ಕನಿಯಿಂದ ಅತ್ತೆ ಕೂಗಿದರು, "ಬುಟ್ಟಿ ಇಳಿಸೋಕೆ ಯಾರಾದ್ರೂ ಬರ್ತೀರೋ ಇಲ್ವೋ?"

ಈ ಬುಟ್ಟಿಯದೇ ಒಂದು ಕಥೆ. ಡ್ರೈವರ್‌ನ ತಾಯಿಗೆ ಎಂಬತ್ತು, ನಾಲಿಗೆಗೆ ಇಪ್ಪತ್ತು. ಮಂಡಿ ಮಾತ್ರ ಮುಷ್ಕರ ಹೂಡಿತ್ತು. ಅರವತ್ತೆರಡು ಮೆಟ್ಟಿಲು ಇಳಿದು ನೆಲ ಮುಟ್ಟಿ ಹದಿನಾಲ್ಕು ತಿಂಗಳಾಗಿತ್ತು. ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿಯವಳೊಡನೆ ಮೂರು ಮಹಡಿ ಎತ್ತರದಿಂದ ಕೂಗಾಡುವುದೇ ಅವರ ಪ್ರಪಂಚ ಸಂಚಾರ. ಇತ್ತೀಚೆಗೆ ಕೈಯೂ ನೋಯುತ್ತಿತ್ತು. ಬುಟ್ಟಿಯನ್ನು ಇನ್ನೊಬ್ಬರು ಇಳಿಸಬೇಕಿತ್ತು.

ಕುಷನಕ್ಕ ಬುಟ್ಟಿ ಇಳಿಸಲು ಎದ್ದಳು. ಅತ್ತೆ ಬಾಲ್ಕನಿಯ ಕಟಾಂಜನ ಹಿಡಿದು, ಕೆಳಗಿನ ರಸ್ತೆಯನ್ನು ಹಸಿದವರು ತಟ್ಟೆ ನೋಡುವಂತೆ ನೋಡುತ್ತಿದ್ದರು. ದಿನವೂ ಕಂಡದ್ದೇ. ಅವತ್ತು ಕಣ್ಣಿಗೆ ಚುಚ್ಚಿತು. ಗಾಡಿಖಾನೆಯ ಹಿಂಬದಿಯಲ್ಲಿ, ನೆಲದ ಮಟ್ಟಕ್ಕೇ, ಜೀನು ಇಡುತ್ತಿದ್ದ ಒಂದು ಕೋಣೆಯಿದೆ, ಹಿತ್ತಲ ಬೆಳಕು ಬೀಳುತ್ತದೆ, ಒಂದು ಮೆಟ್ಟಿಲೂ ಇಲ್ಲ.

ಇಳಿಸಿದ ಬುಟ್ಟಿಯ ಹಗ್ಗದ ತುದಿಯನ್ನು ಅತ್ತೆಗೆ ಹಿಡಿಯಲು ಕೊಟ್ಟು, "ಅತ್ತೆ, ಒಂದು ವಿಷಯ" ಎಂದಳು.

ವಿಷಯ ಕೇಳಿ ಅತ್ತೆ ಬುಟ್ಟಿಯ ಹಗ್ಗವನ್ನೇ ಬಿಟ್ಟುಬಿಟ್ಟರು. ಕೆಳಗಿನಿಂದ ತರಕಾರಿಯವಳು ಕಿಟಾರನೆ ಕಿರುಚಿದಳು.

"ಕುದುರೆ ಮಲಗಿದ್ದ ಜಾಗದಲ್ಲಿ ನಾನು ಮಲಗ್ಬೇಕೇನೇ?"

"ಕುದುರೆ ನಿಂತೇ ನಿದ್ದೆ ಮಾಡೋದು ಅತ್ತೆ. ಮಲಗೋರಲ್ಲಿ ನೀವೇ ಮೊದಲನೆಯವರು."

ಅತ್ತೆ ಮಂಡಿ ನೀವಿಕೊಂಡರು. "ಮೆಟ್ಟಿಲು ಎಷ್ಟು?"

"ಒಂದೂ ಇಲ್ಲ."

"ಬಾಗಿಲಾಚೆ?"

"ಓಣಿ. ಜನ ಓಡಾಡ್ತಾರೆ."

"ಹಾಗಂತ ಮೊದಲೇ ಹೇಳೋಕಾಗಲ್ವಾ?" ಎಂದು ಅತ್ತೆ ಸೆರಗು ಕೊಡವಿ ಎದ್ದರು, ಈಗಿಂದೀಗಲೇ ಹೊರಡುವವರಂತೆ.

ಆದರೆ ಅತ್ತೆಯ ಅವಸರಕ್ಕೆ ಅಡ್ಡ ನಿಂತದ್ದು ಮುನಿಸಿಪಾಲಿಟಿ. ಉಳಿದ ಐದು ಲಾಯಗಳಲ್ಲಿ ಅಟ್ಟ ಕಿತ್ತು ಚಾವಣಿಯ ತನಕ ಎತ್ತರ ಮಾಡಿದ್ದರು. ಗಾಡಿಖಾನೆಯಲ್ಲಿ ಕೀಳುವಂತಿರಲಿಲ್ಲ, ಆ ತೊಲೆಗಳೇ ಎರಡೂ ಗೋಡೆಗಳನ್ನು ಹಿಡಿದು ನಿಲ್ಲಿಸಿದ್ದವು. ಇನ್‌ಸ್ಪೆಕ್ಟರ್ ಬಂದರು, ತಲೆ ಬಗ್ಗಿಸಿ ಮೇಲಿನ ಕೋಣೆಗೆ ಹೋದರು, ಟೇಪು ಹಿಡಿದರು. ನಾಲ್ಕು ಬೆರಳು ಕಡಿಮೆ.

"ಹೊಸದಾಗಿ ಮನೆ ಮಾಡೋಕೆ ಈ ಎತ್ತರ ಸಾಲದಮ್ಮ. ಮುಂಚಿನಿಂದಲೇ ಮನೆ ಆಗಿದ್ರೆ ಅಡ್ಡಿಯಿಲ್ಲ. ಆದ್ರೆ ಕಾಗದದಲ್ಲಿ ಇದು ಲಾಯ. ಕುದುರೆ, ಗಾಡಿ, ಮೇವು, ಇಷ್ಟೇ ಬರೆದಿದೆ."

"ನಾನು ಇಲ್ಲೇ ಹುಟ್ಟಿದ್ದು ಸಾರ್. ಆ ಮೂಲೇಲಿ."

"ಇರಬಹುದಮ್ಮ. ಬಾಯಿಮಾತು ಫೈಲಿಗೆ ಅಂಟಲ್ಲ. ಮನುಷ್ಯರು ವಾಸ ಇದ್ರು ಅನ್ನೋದಕ್ಕೆ ಏನಾದ್ರೂ ಬರವಣಿಗೆ ತನ್ನಿ."

ಎರಡು ದಿನ ಕುಷನಕ್ಕ ಹಳೆಯ ಟ್ರಂಕು ತಿರುವಿ ಹಾಕಿದಳು. ಸಿಕ್ಕಿದ್ದೆಲ್ಲ ಅಪ್ಪನ ಮೇಣದ ತುಂಡು, ತುಕ್ಕು ಹಿಡಿದ ಬಕಲ್ಲು. ಮೂರನೇ ದಿನ ಸೋಫಾ ಒಂದಕ್ಕೆ ಮೊಳೆ ಹೊಡೆಯುತ್ತಿದ್ದವಳು ಸುತ್ತಿಗೆ ಹಾಗೇ ಎತ್ತಿ ಹಿಡಿದು ನಿಂತಳು. ಮಳಿಗೆಗೆ ಬೀಗ ಹಾಕಿ ನೇರ ಶಾಲೆಗೆ ನಡೆದಳು.

ಶಾಲೆಯ ಗುಮಾಸ್ತ ಮೊದಲು ಗೊಣಗಿದ. ಅವನ ಕುರ್ಚಿಯ ಹರಿದ ಗಾದಿ ನೋಡಿ ಕುಷನಕ್ಕ, "ಇದನ್ನ ನಾಳೆ ಹೊಲಿದು ಕೊಡ್ತೀನಿ" ಎಂದ ಮೇಲೆ ಏಣಿ ಹತ್ತಿದ. ಐವತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕ, ಅಂಚೆಲ್ಲ ಹುಳು ತಿಂದಿತ್ತು. ಅವಳ ಹೆಸರಿನ ಮುಂದೆ ಮೇಷ್ಟ್ರ ಉರುಟು ಅಕ್ಷರ ಅಳಿಯದೆ ಕೂತಿತ್ತು. ವಾಸ: ಲಾಯದ ಮೇಲೆ, ತಂದೆ ತಾಯಿ ಜೊತೆ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟು, ಮೇಷ್ಟ್ರಂತೆಯೇ "ಮೇಲೆ" ಎಂದು ಬಾಯಲ್ಲಿ ಹೇಳಿಕೊಂಡಳು. ಗುಮಾಸ್ತ ಕುರ್ಚಿಯಿಂದ ಗಾದಿ ಬಿಚ್ಚಿ ಅವಳ ಕಂಕುಳಿಗೆ ಕೊಟ್ಟ.

ನಕಲು ಓದಿದ ಇನ್‌ಸ್ಪೆಕ್ಟರ್ ಕನ್ನಡಕ ಹಣೆಗೇರಿಸಿದರು. "'ಲಾಯದಲ್ಲಿ' ಅಂತ ಬರೆದಿದ್ರೆ ನನ್ನ ಕೈ ಕಟ್ಟಿಹೋಗ್ತಿತ್ತು. ಲಾಯದಲ್ಲಿ ಇರೋದು ಕುದುರೆ ಅಂತ ಮೇಲಿನವರು ವಾದ ಹೂಡ್ತಿದ್ರು. 'ಮೇಲೆ' ಅಂತಿದೆ, ತಂದೆ ತಾಯೀನೂ ಇದ್ದಾರೆ. ಇದು ಮನೆಯೇ." ಸೀಲು ಒತ್ತಿ, ನಗು ತಡೆಯದೆ ಕೇಳಿದರು, "ಆ ಮೇಷ್ಟ್ರು ಭಾಳ ಬುದ್ಧಿವಂತರು ಅನ್ಸುತ್ತೆ?"

"ಮೇಷ್ಟ್ರಲ್ಲ ಸಾರ್," ಎಂದಳು ಕುಷನಕ್ಕ. "ಅವರಿಗೆ ಹಾಗೆ ಬರೀರಿ ಅಂತ ಹೇಳಿದ್ದು ನಾನು."

ಡ್ರೈವರ್‌ನ ನಿವೃತ್ತಿಯ ಹಣ, ಇವಳ ಉಳಿತಾಯ ಸೇರಿ ಗಾಡಿಖಾನೆ ಅವರದಾಯಿತು. ಸಾಮಾನು ಸಾಗಿಸಿದ ದಿನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಅರವತ್ತೆರಡು ಮೆಟ್ಟಿಲು ಇಳಿಸಿದರು. ದಾರಿಯುದ್ದಕ್ಕೂ ಅತ್ತೆ ಎರಡನೇ ಮಹಡಿ, ಒಂದನೇ ಮಹಡಿ, ಮನೆ ಮಾಲೀಕರು ಎಂದು ಪ್ರತಿಯೊಂದು ಬಾಗಿಲಲ್ಲೂ ಕುರ್ಚಿ ನಿಲ್ಲಿಸಿ ಹದಿನಾಲ್ಕು ತಿಂಗಳ ಮಾತು ಮುಗಿಸಿ ಬಂದರು. ಹೊತ್ತವರ ಬೆನ್ನು ಬಾಗಿತು.

ಮೇಲಿನ ಕೋಣೆಯಲ್ಲಿ ಡ್ರೈವರ್ ಮೊದಲ ವಾರವೇ ಆರು ಸಲ ತೊಲೆಗೆ ಹಣೆ ಹೊಡೆದುಕೊಂಡ. ಕೊನೆಗೆ ಕುಷನಕ್ಕ ತೊಲೆಯ ಆ ಜಾಗಕ್ಕೆ ಉಳಿದ ಫೋಮ್ ಸುತ್ತಿ, ಮೇಲೆ ಕೆಂಪು ರೆಕ್ಸಿನ್ ಹೊಲಿದಳು. ಲೋಕದಲ್ಲಿ ಕುಷನ್ ಹಾಕಿದ ತೊಲೆ ಅದೊಂದೇ ಇರಬೇಕು. ಎಡಕ್ಕೆ ವಾಲುವ ಗಂಡನ ಅಳತೆಗೆ ತಕ್ಕಂತೆ ಎಡಗಡೆ ಸ್ವಲ್ಪ ದಪ್ಪ.

ಮಳೆ ಬಂದ ದಿನ ಗೋಡೆಯಿಂದ ಇನ್ನೂ ಒಂದು ಸಣ್ಣ ವಾಸನೆ ಏಳುತ್ತದೆ, ಹುಲ್ಲು, ಚರ್ಮ, ಬೆವರು ಸೇರಿದ್ದು. ಮೊದಲ ಸಲ ಅದು ಬಂದಾಗ ಕುಷನಕ್ಕ ಕಿಟಕಿ ತೆಗೆಯಲು ಎದ್ದಳು. ಚಿಲಕದ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. ಆಮೇಲೆ ತೆಗೆಯದೆ ಬಂದು ಕೂತಳು.

ದೊಡ್ಡ ಬಾಗಿಲು ತೆರೆದರೆ ಸೋಫಾಗಳು ಸಾರೋಟಿನ ಠೀವಿಯಲ್ಲಿ ಒಳಗೆ ಬರುತ್ತವೆ. ದಿಡ್ಡಿ ಬಾಗಿಲು ಅತ್ತೆಯ ಪಾಲು. ಅಲ್ಲೊಂದು ಮೆತ್ತನೆಯ ಕುರ್ಚಿ ಹಾಕಿಸಿಕೊಂಡು ಕೂತು, ಲಾಯದ ಮನೆಗಳನ್ನು ನೋಡಲು ಬಂದವರಿಗೆ ಇತಿಹಾಸ ಹೇಳುತ್ತಾರೆ. ಮೊನ್ನೆ ಇಬ್ಬರಿಗೆ, "ಇಲ್ಲಿ ರಾಜನ ಬಿಳಿ ಕುದುರೆ ಇತ್ತು, ಹಾಲು ಕುಡೀತಿತ್ತು" ಎನ್ನುತ್ತಿದ್ದರು.

ಒಳಗಿನಿಂದ ಕುಷನಕ್ಕ, "ಕಂದು ಬಣ್ಣ ಅತ್ತೆ. ನೀರು ಕುಡೀತಿತ್ತು" ಎಂದಳು.

"ನೀನು ಹೊಲಿಗೆ ನೋಡ್ಕೋ ತಾಯಿ" ಎಂದರು ಅತ್ತೆ ತಿರುಗದೆಯೇ.

ಸಂಜೆ ನಾಲ್ಕಕ್ಕೆ ಅತ್ತೆಯ ವಾಕಿಂಗು. ಮಗ ಮುಂದೆ ನಿಂತು ಹಿಮ್ಮುಖವಾಗಿ ನಡೆಯುತ್ತಾ, ಬಸ್ಸು ರಿವರ್ಸ್ ಮಾಡಿಸುವವರ ಹಾಗೆ ಕೈಯಾಡಿಸಿ, "ಬರ್ಲಿ, ಬರ್ಲಿ, ಎಡಕ್ಕೆ ಸ್ವಲ್ಪ, ಬರ್ಲಿ" ಎಂದು ಕೂಗುತ್ತಾನೆ. ಅವರು ಕೋಲೂರಿ ಬರುತ್ತಾರೆ. ಮೊದಲು ಎರಡು ಬಾಗಿಲಿನ ತನಕ ಇದ್ದದ್ದು ಈಗ ಓಣಿಯ ತುದಿಯ ತನಕ ಬೆಳೆದಿದೆ. ನಿನ್ನೆ ತುದಿಯ ಮನೆಯವರು ಚಹಾಕ್ಕೆ ಕರೆದರಂತೆ. ಮಗ ಒಬ್ಬನೇ ವಾಪಸು ಬಂದ.

"ಅತ್ತೆ ಎಲ್ರೀ?"

"ಕೊನೆ ಸ್ಟಾಪಿನಲ್ಲಿ ಇಳಿದ್ರು. ಎರಡನೇ ಲೋಟ ಕುಡೀತಿದ್ದಾರೆ. ಬರೋಕೆ ತಡ ಆಗುತ್ತಂತೆ, ಕಾಯೋದು ಬೇಡ ಅಂದ್ರು."

ಕುಷನಕ್ಕ ನಕ್ಕು, ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸಿ, ಮುಂದಿನ ಸೀಟನ್ನು ತೊಡೆಯ ಮೇಲೆಳೆದುಕೊಂಡಳು.